ಎಂಟು ಬಾಟಲಿಯ ತಂಪು ಪೆಟ್ಟಿಗೆ

ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ, ಮಿಕ್ಸಿಗೂ ಮೈಕ್ರೋವೇವಿಗೂ ನಡುವೆ ಕೂರುವ ಪುಟ್ಟ ವೈನ್ ಫ್ರಿಜ್ಜಿನ ಬಗ್ಗೆ ಕೊಂಡವರೆಲ್ಲ ಹೇಳುವ ದೂರು ಸಾಮಾನ್ಯವಾಗಿ ಒಂದೇ: ಬೇಗ ಕೆಟ್ಟುಹೋಯಿತು. ನನ್ನ ತಕರಾರು ಅದಕ್ಕೂ ಮೊದಲು ಶುರುವಾಗುತ್ತದೆ. ಕೆಡದೆ, ಎಲ್ಲ ಭಾಗಗಳೂ ಸರಿಯಾಗಿ ಓಡುತ್ತಿರುವಾಗಲೇ ಈ ಯಂತ್ರ ನಮ್ಮ ಊರುಗಳಲ್ಲಿ ವರ್ಷದ ಕೆಲವು ತಿಂಗಳು ತಾನು ಒಪ್ಪಿಕೊಂಡ ಕೆಲಸ ಮಾಡುವುದಿಲ್ಲ. ಆ ತಿಂಗಳುಗಳು ಯಾವುವೆಂದರೆ ಅದರ ಅಗತ್ಯ ಅತಿ ಹೆಚ್ಚಾಗಿರುವ ತಿಂಗಳುಗಳೇ.

ನೋಡಲು ಚೆಂದದ ವಸ್ತು, ಅದರಲ್ಲಿ ಅನುಮಾನವಿಲ್ಲ. ಆರು ಇಲ್ಲವೇ ಎಂಟು ಬಾಟಲಿ ಮಲಗಿಸುವಷ್ಟು ಜಾಗ, ಕಪ್ಪು ಗಾಜಿನ ಬಾಗಿಲು, ಒಳಗೆ ನೀಲಿ ದೀಪ, ಮೇಲೆ ಮುಟ್ಟಿದರೆ ಬದಲಾಗುವ ಅಂಕಿ. ಮನೆಯ ದೊಡ್ಡ ಫ್ರಿಜ್ಜಿನ ಮರಿಯಂತೆ ಕಂಡರೂ ಒಳಗಿನ ಸಂಗತಿಯೇ ಬೇರೆ. ಇದರಲ್ಲಿ ಕಂಪ್ರೆಸರ್ ಇಲ್ಲ, ಗ್ಯಾಸ್ ಇಲ್ಲ, ತಾಮ್ರದ ಕೊಳವೆಯೂ ಇಲ್ಲ. ಈ ಅಳತೆಯ ಬಹುಪಾಲು ಪೆಟ್ಟಿಗೆಗಳ ಬೆನ್ನಿನಲ್ಲಿ ಇರುವುದು ನಾಲ್ಕು ಸೆಂಟಿಮೀಟರ್ ಚೌಕದ ಒಂದು ತೆಳು ಬಿಲ್ಲೆ. ಎರಡು ಸೆರಾಮಿಕ್ ಹಾಳೆಗಳ ನಡುವೆ ಬಿಸ್ಮತ್ ಟೆಲ್ಯುರೈಡಿನ ಚೂರುಗಳನ್ನು ಸಾಲಾಗಿ ಬೆಸುಗೆ ಹಾಕಿರುತ್ತಾರೆ. ಅದರೊಳಗೆ 12 ವೋಲ್ಟಿನ ಡಿಸಿ ಕರೆಂಟು ಹಾಯಿಸಿದರೆ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಮುಖ ಬಿಸಿಯಾಗುತ್ತದೆ. ಗಡಿಯಾರದ ಕಸುಬು ಬಿಟ್ಟು ಭೌತಶಾಸ್ತ್ರಕ್ಕೆ ಬಂದ ಫ್ರಾನ್ಸಿನ ಪೆಲ್ಟಿಯೆ 1834ರಲ್ಲಿ ಕಂಡುಕೊಂಡ ವಿದ್ಯಮಾನ ಇದು. ಬಿಸಿ ಮುಖಕ್ಕೆ ಅಲ್ಯೂಮಿನಿಯಮ್ ರೆಕ್ಕೆಗಳು ಮತ್ತು ಒಂದು ಫ್ಯಾನು, ತಣ್ಣನೆಯ ಮುಖಕ್ಕೆ ಇನ್ನೊಂದು ಪುಟ್ಟ ಫ್ಯಾನು, ಜೊತೆಗೊಂದು ಪವರ್ ಸಪ್ಲೈ. ಯಂತ್ರ ಮುಗಿಯಿತು.

ಈ ಬಿಲ್ಲೆಯ ಗುಣವನ್ನು ತಿಳಿಯದೆ ಈ ಫ್ರಿಜ್ಜನ್ನು ಅಳೆಯಲು ಆಗುವುದಿಲ್ಲ. ಕಂಪ್ರೆಸರಿನ ಫ್ರಿಜ್ಜಿಗೆ ನಾಲ್ಕು ಡಿಗ್ರಿ ಬೇಕೆಂದು ಹೇಳಿದರೆ ಹೊರಗೆ ಸಾಕಷ್ಟು ಬಿಸಿಲಿದ್ದರೂ, ಹೆಚ್ಚು ಹೊತ್ತು ಓಡಿಯಾದರೂ ನಾಲ್ಕಕ್ಕೆ ತಂದು ನಿಲ್ಲಿಸುತ್ತದೆ. ಪೆಲ್ಟಿಯೆ ಪೆಟ್ಟಿಗೆಗೆ ಆ ತ್ರಾಣವಿಲ್ಲ. ಅದು ಕೊಡುವುದು ಒಂದು ಅಂತರವನ್ನು ಮಾತ್ರ: ಕೋಣೆಯ ಬಿಸಿಗಿಂತ ಹದಿಮೂರೋ ಹದಿನೈದೋ ಡಿಗ್ರಿ ಕೆಳಗೆ. ಉದ್ದ ಗೊತ್ತುಮಾಡಿದ ಸೇದೋ ಹಗ್ಗ ಅದು; ಬೇಸಗೆಯಲ್ಲಿ ಬಾವಿಯ ನೀರು ಇಳಿದರೆ ಕೊಡ ನೀರು ಮುಟ್ಟುವುದಿಲ್ಲ. ಜೊತೆಗೆ ಬರುವ ಪುಸ್ತಿಕೆಯಲ್ಲಿ, ಯಾರೂ ಓದದ ಪುಟದಲ್ಲಿ, ಈ ಮಾತನ್ನು ಬರೆದೇ ಇರುತ್ತಾರೆ: ಕೋಣೆಯ ತಾಪಮಾನ 25 ಡಿಗ್ರಿ ಇದ್ದಾಗ ಒಳಗೆ 12 ಡಿಗ್ರಿ. ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗುವುದು ಮಾತ್ರ ಆ 12.

ಬೆಂಗಳೂರಿನ ಡಿಸೆಂಬರಿನಲ್ಲಿ ಲೆಕ್ಕ ಸರಿಹೋಗುತ್ತದೆ. ಆಗ ಪೆಟ್ಟಿಗೆ ನಿಜಕ್ಕೂ ಹೇಳಿದ ಹಾಗೆ ನಡೆಯುತ್ತದೆ, ಕೊಂಡವರು ನೆಂಟರಿಗೆಲ್ಲ ಹೊಗಳುತ್ತಾರೆ. ಮಾರ್ಚ್ ಬಂದಾಗ, ಪಕ್ಕದಲ್ಲೇ ಕುಕ್ಕರು ಕೂಗುವ ಅಡುಗೆಮನೆ ಮೂವತ್ತಮೂರೋ ಮೂವತ್ತನಾಲ್ಕೋ ಮುಟ್ಟಿದರೆ, ಒಳಗೆ ಸಿಗುವುದು ಹತ್ತೊಂಬತ್ತು ಇಪ್ಪತ್ತು. 2016ರ ಏಪ್ರಿಲಿನಲ್ಲಿ ಈ ನಗರವೇ 39.2 ಡಿಗ್ರಿ ಕಂಡಿತ್ತು. ಇನ್ನು ಕಲಬುರಗಿ, ರಾಯಚೂರಿನ ಮೇ ತಿಂಗಳ 42 ಡಿಗ್ರಿಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿಟ್ಟರೆ ಒಳಗೂ ಇಪ್ಪತ್ತೇಳು. ಬಾಟಲಿಯನ್ನು ಬೀರುವಿನ ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರೆ ಆಗುವುದಕ್ಕಿಂತ ಬಹಳ ಉತ್ತಮವೇನಲ್ಲ. ವೈನನ್ನು ವರ್ಷಗಟ್ಟಲೆ ಇಡಲು ಬೇಕಾದದ್ದು 12–13 ಡಿಗ್ರಿ. ಬಿಳಿಯದನ್ನು ಕುಡಿಯಲು 8–10, ಕೆಂಪನ್ನು ಕುಡಿಯಲು 16–18. ಅಂದರೆ ಸೆಖೆಯ ದಿನ ತಣ್ಣಗೆ ಕುಡಿಯೋಣವೆಂದು ಬಿಳಿ ವೈನ್ ಇಟ್ಟವರಿಗೆ ಈ ಪೆಟ್ಟಿಗೆ ಅಂದೇ ಕೈಕೊಡುತ್ತದೆ.

ಇಲ್ಲಿ ಇನ್ನೊಂದು ಸಣ್ಣ ಮೋಸವೂ ಇದೆ. ಕೆಲವು ಮಾದರಿಗಳಲ್ಲಿ ಬಾಗಿಲ ಮೇಲೆ ಹೊಳೆಯುವ ಅಂಕಿ ನಾವು ಒತ್ತಿ ಕೇಳಿದ್ದು, ಒಳಗೆ ಇರುವುದಲ್ಲ. ಒಳಗಿನದನ್ನು ತೋರಿಸುವ ಮಾದರಿಗಳೂ ಅಳೆಯುವುದು ಗಾಳಿಯನ್ನು, ಬಾಟಲಿಯೊಳಗಿನ ದ್ರವವನ್ನಲ್ಲ. ಮೂವತ್ತು ಡಿಗ್ರಿಯ ಎಂಟು ಬಾಟಲಿಯನ್ನು ಒಟ್ಟಿಗೆ ಒಳಗಿಟ್ಟರೆ, ಇಪ್ಪತ್ತು ಮೂವತ್ತು ವ್ಯಾಟಿನಷ್ಟು ಮಾತ್ರ ಶಾಖ ಎಳೆಯಬಲ್ಲ ಈ ಬಿಲ್ಲೆಗೆ ಅದನ್ನು ಇಳಿಸಲು ಅರ್ಧ ದಿನವೂ ಸಾಲದೆ ಹೋಗಬಹುದು. ಸಂಜೆಯ ಊಟಕ್ಕೆ ಬೇಕೆಂದರೆ ಹಿಂದಿನ ರಾತ್ರಿಯೇ ಇಡಬೇಕು. ಅಂಕಿ ಮಾತ್ರ ಒಂದೆರಡು ಗಂಟೆಯಲ್ಲೇ ಇಳಿದು ಎಲ್ಲ ಸರಿಯಾಗಿದೆ ಎಂದು ಭರವಸೆ ಕೊಡುತ್ತದೆ.

ಕರೆಂಟಿನ ವಿಷಯಕ್ಕೆ ಬಂದರೆ ಜನ ಸಾಮಾನ್ಯವಾಗಿ ಅಂದುಕೊಳ್ಳುವುದು ಉಲ್ಟಾ: ಪುಟ್ಟ ಪೆಟ್ಟಿಗೆ, ಪುಟ್ಟ ಬಿಲ್ಲು. ದೊಡ್ಡ ಫ್ರಿಜ್ಜಿನ ಕಂಪ್ರೆಸರ್ ಆಗಾಗ ನಿಂತು ಸುಧಾರಿಸಿಕೊಳ್ಳುತ್ತದೆ. ಇದು ಬೇಸಗೆಯಲ್ಲಿ ಗುರಿ ಮುಟ್ಟುವುದೇ ಇಲ್ಲವಾದ್ದರಿಂದ ನಿಲ್ಲುವುದೂ ಇಲ್ಲ. 70 ವ್ಯಾಟಿನ ಪೆಟ್ಟಿಗೆ ಹಗಲಿರುಳು ಓಡಿದರೆ ದಿನಕ್ಕೆ 1.68 ಯೂನಿಟ್, ತಿಂಗಳಿಗೆ ಐವತ್ತು. ಬಿಇಇಯ ನಕ್ಷತ್ರದ ಸ್ಟಿಕರ್ ಅಂಟಿಸಿಕೊಂಡ ಒಳ್ಳೆಯ ಸಿಂಗಲ್ ಡೋರ್ ಫ್ರಿಜ್ಜು, ಹಾಲು ಮೊಸರು ತರಕಾರಿ ದೋಸೆಹಿಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು, ಇದರ ಅರ್ಧಕ್ಕಿಂತ ಕಡಿಮೆ ತಿನ್ನುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ತಿಂಗಳಿಗೆ 300 ರೂಪಾಯಿ, ಎಂಟು ಬಾಟಲಿಗೆ. ಗೃಹಜ್ಯೋತಿಯ ಉಚಿತ ವಿದ್ಯುತ್ ಪಡೆಯುವ ಮನೆಗಳಲ್ಲಿ ಪರಿಣಾಮ ಇನ್ನೂ ತಮಾಷೆಯದು. ಮೊದಲಿನ ಬಳಕೆಯ ಸರಾಸರಿಗೆ ಶೇಕಡಾ 10 ಸೇರಿಸಿ ಉಚಿತದ ಗೆರೆ ಎಳೆದಿರುವಾಗ, ನೂರು ಯೂನಿಟ್ಟಿನ ಮನೆಗೆ ಬಂದ ಈ ಅತಿಥಿ ಮೊದಲ ತಿಂಗಳೇ ಗೆರೆ ದಾಟಿಸಿ ಬಿಲ್ಲು ತರಿಸುತ್ತಾನೆ.

ಈಗ ಬಾಳಿಕೆ. ಮಾರುವವರ ವಾದ ಕೇಳಲು ಬಲವಾಗಿಯೇ ಇದೆ: ಅಲುಗಾಡುವ ಭಾಗಗಳಿಲ್ಲ, ಆದ್ದರಿಂದ ಸವೆಯುವುದೇನೂ ಇಲ್ಲ. ಅರ್ಧ ನಿಜ. ಇದೇ ಭೌತಶಾಸ್ತ್ರವನ್ನು ಹಿಂದುಮುಂದಾಗಿ ಬಳಸಿ, ಶಾಖದಿಂದ ಕರೆಂಟು ತೆಗೆಯುವ ಜನರೇಟರುಗಳನ್ನು ಹೊತ್ತು 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳು ಸೂರ್ಯನ ಗಾಳಿಯ ಎಲ್ಲೆಯನ್ನೇ ದಾಟಿ ಹೋಗಿವೆ. ದುರಸ್ತಿಗೆ ಯಾರೂ ಹೋಗಲಾಗದ ಜಾಗದಲ್ಲಿ ಈ ತಂತ್ರ ದಶಕಗಟ್ಟಲೆ ನಡೆದಿದೆ. ಹಾಗಾದರೆ ನಮ್ಮ ಅಡುಗೆಕಟ್ಟೆಯ ಮೇಲೆ ಅದಕ್ಕೇನು ಬಂತು?

ಬಂದದ್ದು ಫ್ಯಾನಿಗೆ. ಬಿಲ್ಲೆ ಅಲುಗಾಡುವುದಿಲ್ಲ ಸರಿ, ಆದರೆ ಅದರ ಬೆನ್ನಿನ ಶಾಖವನ್ನು ಒಯ್ಯುವ ಫ್ಯಾನು ವರ್ಷಕ್ಕೆ 8,760 ಗಂಟೆ ತಿರುಗಬೇಕು. ಅಗ್ಗದ ಬೇರಿಂಗಿನ ಆ ಫ್ಯಾನನ್ನು ನಾವು ಇಟ್ಟಿರುವುದಾದರೂ ಎಲ್ಲಿ? ದಿನಕ್ಕೆ ಎರಡು ಹೊತ್ತು ಒಗ್ಗರಣೆ ಸಿಡಿಯುವ ಜಾಗದಲ್ಲಿ. ಎಣ್ಣೆಯ ಹಬೆ ಅಲ್ಯೂಮಿನಿಯಮ್ ರೆಕ್ಕೆಗಳ ಸಂದಿಗೆ ಹೋಗಿ ಕೂರುತ್ತದೆ, ಅದರ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಎಣ್ಣೆ. ಚಿಮಣಿಯ ಜಾಲರಿ ತೊಳೆದವರಿಗೆ ಆ ಅಂಟು ಎಂಥದ್ದೆಂದು ಗೊತ್ತು. ಸಾಲದ್ದಕ್ಕೆ, ಅಂದವಾಗಿ ಕಾಣಲೆಂದು ಪೆಟ್ಟಿಗೆಯ ಬೆನ್ನನ್ನು ಟೈಲ್ಸಿಗೆ ಒತ್ತಿ ಇಟ್ಟಿರುತ್ತೇವೆ, ಗಾಳಿ ಹೋಗಲು ಜಾಗವೇ ಇರುವುದಿಲ್ಲ. ಫ್ಯಾನು ನಿಧಾನವಾಗುತ್ತದೆ. ಬಿಸಿ ಮುಖ ಇನ್ನಷ್ಟು ಬಿಸಿಯಾಗುತ್ತದೆ. ಅಂತರ ಅಷ್ಟೇ ಇರುವುದರಿಂದ ತಣ್ಣನೆಯ ಮುಖವೂ ಮೇಲೇರುತ್ತದೆ. ಒಳಗೆ ಬಿಸಿಯಾಯಿತೆಂದು ಕಂಡ ಸರ್ಕ್ಯೂಟು ಪೂರ್ತಿ ಕರೆಂಟು ಕೊಡುತ್ತದೆ, ಅದರಿಂದ ಬೆನ್ನಿಗೆ ಮತ್ತಷ್ಟು ಶಾಖ. ಬಿಲ್ಲೆಗೂ ರೆಕ್ಕೆಗೂ ನಡುವೆ ಹಚ್ಚಿದ ಪೇಸ್ಟು ಒಣಗಿ ಬಿರುಕುಬಿಡುತ್ತದೆ, ಪವರ್ ಸಪ್ಲೈಯ ಕೆಪಾಸಿಟರುಗಳು ಬೆಂದು ಉಬ್ಬುತ್ತವೆ. ಹತ್ತು ಡಿಗ್ರಿ ಹೆಚ್ಚಾದರೆ ಅವುಗಳ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆಂಬುದು ಎಲೆಕ್ಟ್ರಾನಿಕ್ಸಿನವರ ಹಳೆಯ ಲೆಕ್ಕ. ಕೊನೆಗೆ ಬಿಲ್ಲೆಯೊಳಗಿನ ಬೆಸುಗೆಯೂ ಬಿಡುತ್ತದೆ, ಮನೆಯವರಿಗೆ ಮಾತ್ರ ಒಂದು ಬೆಳಿಗ್ಗೆ ಏಕಾಏಕಿ ಕೆಟ್ಟಂತೆ ಕಾಣುತ್ತದೆ. ತಿಂಗಳುಗಳಿಂದ ಬಾಡುತ್ತಾ ಬಂದದ್ದನ್ನು ಆ ಹೊಳೆಯುವ ಅಂಕಿ ಮುಚ್ಚಿಟ್ಟಿತ್ತು.

ಕರೆಂಟು ಹೋದಾಗ ಇದರ ಇನ್ನೊಂದು ದೌರ್ಬಲ್ಯ ಹೊರಬೀಳುತ್ತದೆ. ದೊಡ್ಡ ಫ್ರಿಜ್ಜು ಬಾಗಿಲು ಮುಚ್ಚಿದ್ದರೆ ಗಂಟೆಗಟ್ಟಲೆ ತಂಪು ಹಿಡಿದಿಡುತ್ತದೆ. ಇಲ್ಲಿ ಬಿಲ್ಲೆಯೇ ಶಾಖ ದಾಟುವ ಸೇತುವೆ: ಕರೆಂಟು ನಿಂತ ಕ್ಷಣದಿಂದ ಬೆನ್ನಿನ ಬಿಸಿ ಅದರ ಮೂಲಕವೇ ಒಳಕ್ಕೆ ಹರಿಯಲು ತೊಡಗುತ್ತದೆ. ತೆಳು ಗೋಡೆ, ಗಾಜಿನ ಬಾಗಿಲು ಮಿಕ್ಕದ್ದನ್ನು ಮುಗಿಸುತ್ತವೆ. ಮಧ್ಯಾಹ್ನವೆಲ್ಲ ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಬಾಟಲಿ ದಿನಾ ಏರಿಳಿಯುತ್ತದೆ, ವೈನಿಗೆ ನಿಂತ ಬಿಸಿಗಿಂತ ಈ ಏರಿಳಿತವೇ ಕೆಟ್ಟದ್ದು ಎನ್ನುವವರಿದ್ದಾರೆ.

ಕೆಟ್ಟ ಮೇಲಿನ ಕಥೆ ಇನ್ನೂ ಬೇಸರದ್ದು. ಬಡಾವಣೆಯ ಫ್ರಿಜ್ ಮೆಕ್ಯಾನಿಕ್ ಬಂದು ಬೆನ್ನು ತಟ್ಟಿ ನೋಡಿ, ‘ಗ್ಯಾಸ್ ಹೋಗಿದೆ ಸಾರ್’ ಎನ್ನುತ್ತಾನೆ. ಇಲ್ಲದ ಗ್ಯಾಸು ಎಲ್ಲಿಗೆ ಹೋಗಬೇಕು? ತಪ್ಪು ಅವನದಲ್ಲ, ಅವನು ಕಲಿತ ಯಂತ್ರವೇ ಬೇರೆ. ಇದರ ವೈದ್ಯರು ಎಲೆಕ್ಟ್ರಾನಿಕ್ಸಿನ ಹುಡುಗರು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಇಂಥದೇ ಬಿಲ್ಲೆ, ಇಂಥದೇ 12 ವೋಲ್ಟಿನ ಫ್ಯಾನು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ, ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಕೊಂಡೊಯ್ಯುತ್ತಿರುತ್ತಾರೆ. ಆದರೂ ಮಾರಿದವರ ಸರ್ವಿಸ್ ಸೆಂಟರಿನಲ್ಲಿ ಬಿಡಿಭಾಗ ಬದಲಿಸುವ ಮಾತು ಅಪರೂಪ, ವಾರಂಟಿ ಒಳಗಿದ್ದರೆ ಹೊಸ ಪೆಟ್ಟಿಗೆ, ಮುಗಿದಿದ್ದರೆ ಗುಜರಿ. ನಮ್ಮ ಮಾರುಕಟ್ಟೆಯಲ್ಲಿ ಸಾಧಾರಣ ಫ್ರಿಜ್ಜಿನ ಕಂಪ್ರೆಸರಿಗೆ ಹತ್ತು ವರ್ಷದ ವಾರಂಟಿ ಕೊಡುವುದು ಮಾಮೂಲು. ಸವೆಯುವುದೇ ಇಲ್ಲವೆಂದು ಹೊಗಳಿಸಿಕೊಂಡ ಈ ತಂತ್ರಕ್ಕೆ ಸಿಗುವುದು ಹೆಚ್ಚಾಗಿ ಒಂದೇ ವರ್ಷ. ತಯಾರಿಸಿದವರಿಗೆ ತಮ್ಮ ಫ್ಯಾನಿನ ಮೇಲಿರುವ ನಂಬಿಕೆ ಎಷ್ಟೆಂದು ಅಲ್ಲೇ ಗೊತ್ತಾಗುತ್ತದೆ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ. ಫ್ಯಾನನ್ನು ನಾಲ್ಕು ಸ್ಕ್ರೂ ಬಿಚ್ಚಿ ಹೊರತೆಗೆಯುವಂತೆ ಇಟ್ಟಿದ್ದರೆ ಈ ಪೆಟ್ಟಿಗೆಗಳಲ್ಲಿ ಎಷ್ಟೋ ಇನ್ನೂ ಓಡುತ್ತಿದ್ದವು.

ಕರಾವಳಿಯಲ್ಲಿ ತೊಂದರೆಯ ರೂಪವೇ ಬೇರೆ. ಮಳೆಗಾಲದ ಮಂಗಳೂರಿನ ಗಾಳಿ ತಣ್ಣನೆಯ ರೆಕ್ಕೆ ಮುಟ್ಟಿದ ಕೂಡಲೇ ನೀರಾಗುತ್ತದೆ. ತಳದ ತಟ್ಟೆ ತುಂಬುತ್ತದೆ, ಬಾಗಿಲ ಗಾಜು ಬೆವರುತ್ತದೆ, ಲೇಬಲ್ಲಿಗೆ ಬೂಷ್ಟು ಹಿಡಿಯುತ್ತದೆ. ಕ್ರಿಸ್ಮಸ್ಸಿಗೆಂದು ದ್ರಾಕ್ಷಿ ವೈನನ್ನು ಭರಣಿಯಲ್ಲಿ ಹಾಕುವ ಅಲ್ಲಿನ ಮನೆಗಳಿಗಾಗಲಿ, ಹಣ್ಣಿನ ವೈನ್ ಮಾಡುವ ಕೊಡಗಿನ ಮನೆಗಳಿಗಾಗಲಿ ಇಂಥ ಪೆಟ್ಟಿಗೆಯ ಹಂಗು ಯಾವತ್ತೂ ಇರಲಿಲ್ಲ ಎಂಬುದನ್ನೂ ಹೇಳಬೇಕು.

ಹಾಗಿದ್ದರೆ ಯಾರಿಗೆ ಬೇಕು? ಹಳೆಯ ಬೋರ್ಡೋ ವೈನ್ ಕೂಡಿಡುವವರಿಗೆ ಇದು ಬೇಡ, ಅವರಿಗೆ 1976ರಲ್ಲೇ ಫ್ರಾನ್ಸಿನ ಯೂರೋಕೇವ್ ನಿಜವಾದ ವೈನ್ ಬೀರು ಕೊಟ್ಟಾಗಿದೆ, ದುಡ್ಡಿದ್ದರೆ. ನಾವು ಕೊಳ್ಳುವ ವೈನಿನ ಬಹುಪಾಲು, 1988ರಲ್ಲಿ ಗ್ರೋವರ್ ಕುಟುಂಬ ದ್ರಾಕ್ಷಿ ತೋಟ ಶುರುಮಾಡಿದ ದೊಡ್ಡಬಳ್ಳಾಪುರ, ನಂದಿಯ ಸುತ್ತಲಿನದ್ದಾಗಲಿ ನಾಸಿಕದ್ದಾಗಲಿ, ಒಂದೆರಡು ವರ್ಷದೊಳಗೆ ಕುಡಿದು ಮುಗಿಸಲೆಂದೇ ಮಾಡಿದ್ದು. ಹಲವಕ್ಕೆ ಕಾರ್ಕೂ ಇಲ್ಲ, ತಿರುಗಿಸುವ ಮುಚ್ಚಳ. ಶುಕ್ರವಾರ ತಂದು ಭಾನುವಾರ ಮುಗಿಯುವ ಬಾಟಲಿಗೆ ದೊಡ್ಡ ಫ್ರಿಜ್ಜಿನ ಬಾಗಿಲೇ ಸಾಕು: ಕೆಂಪಾದರೆ ಕುಡಿಯುವ ಅರ್ಧ ಗಂಟೆ ಮುಂಚೆ ಹೊರಗಿಡುವುದು, ಬಿಳಿಯಾದರೆ ಹತ್ತು ನಿಮಿಷ. ಮರೆತಿದ್ದರೆ ಪಾತ್ರೆಯಲ್ಲಿ ಐಸೂ ನೀರೂ ಬೆರೆಸಿ ಬಾಟಲಿ ಮುಳುಗಿಸಿದರೆ ಇಪ್ಪತ್ತು ನಿಮಿಷದ ಕೆಲಸ, ಬರಿ ಐಸಿಗಿಂತ ಐಸ್ ನೀರು ಬೇಗ ತಣಿಸುತ್ತದೆ.

ಇದನ್ನು ಹೊಗಳಲು ಏನೂ ಇಲ್ಲವೆಂದಲ್ಲ. ಎಸಿ ಇರುವ ಕೋಣೆಯಲ್ಲಿ, ಗೋಡೆಯಿಂದ ಒಂದು ಗೇಣು ಮುಂದೆ, ಒಲೆಯಿಂದ ದೂರ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ಬೆನ್ನಿನ ಧೂಳು ಬ್ರಷ್ಷಿನಲ್ಲಿ ತೆಗೆದರೆ ಇದು ವರ್ಷಗಳ ಕಾಲ ಸದ್ದಿಲ್ಲದೆ ನಡೆಯಬಲ್ಲದು. ಕೆಂಪು ವೈನಿಗೆ ಬೇಕಾದ ಹದಿನಾರು ಹದಿನೇಳು ಡಿಗ್ರಿಯನ್ನು ಆಗ ಅದು ದೊಡ್ಡ ಫ್ರಿಜ್ಜಿಗಿಂತ ಚೆನ್ನಾಗಿ ಕೊಡುತ್ತದೆ. ಆದರೆ ಎಂಟು ಎಂಬ ಲೆಕ್ಕ ನಂಬಬೇಡಿ, ಅದು ಸಪೂರ ಬಾಟಲಿಯ ಲೆಕ್ಕ. ಸ್ಪಾರ್ಕ್ಲಿಂಗ್ ವೈನಿನ ದಪ್ಪ ಬಾಟಲಿ ಬಂದರೆ ಒಂದು ತಟ್ಟೆ ತೆಗೆದಿಡಬೇಕು, ಅರ್ಧ ಕುಡಿದದ್ದನ್ನು ನಿಲ್ಲಿಸಲು ಜಾಗವೇ ಇಲ್ಲ. ಹಾಗಾಗಿ ಹಲವು ಮನೆಗಳಲ್ಲಿ ಒಂದು ವರ್ಷದೊಳಗೆ ಇದರಲ್ಲಿ ಚಾಕೊಲೇಟು, ಮಗಳ ಫೇಸ್ ಕ್ರೀಮು ಸೇರಿರುತ್ತವೆ. ಅದಕ್ಕೆ ತಕರಾರಿಲ್ಲ. ಇನ್ಸುಲಿನ್ ಮಾತ್ರ ಇಡಬೇಡಿ, ಅದಕ್ಕೆ 2ರಿಂದ 8 ಡಿಗ್ರಿ ಬೇಕು, ಈ ಪೆಟ್ಟಿಗೆ ನಮ್ಮ ಬೇಸಗೆಯಲ್ಲಿ ಅಲ್ಲಿಗೆ ಇಳಿಯುವುದೇ ಇಲ್ಲ.

ಕೊಳ್ಳಲೇಬೇಕೆಂದು ಹೊರಟವರು ಹನ್ನೆರಡು ಬಾಟಲಿಯ, ಕಂಪ್ರೆಸರ್ ಇರುವ ಮಾದರಿಯನ್ನು ನೋಡುವುದು ಒಳ್ಳೆಯದು. ಬೆಲೆ ಜಾಸ್ತಿ, ಸದ್ದೂ ಸ್ವಲ್ಪ ಜಾಸ್ತಿ, ಕಟ್ಟೆಯ ಮೇಲೆ ಹಿಡಿಸದೆಯೂ ಹೋದೀತು. ಬಾಟಲಿಗೆ ಕಂಪನ ತಾಗುತ್ತದೆಂದು ಮಾರುವವರು ಹೆದರಿಸಿದರೆ, ತಿಂಗಳೊಳಗೆ ಕುಡಿದು ಮುಗಿಯುವ ಬಾಟಲಿಗೆ ಅದರಿಂದ ಏನೂ ಆಗದು ಎಂದು ನಕ್ಕು ಬಿಡಬಹುದು. ಅಂಗಡಿಯಲ್ಲಿ ಪೆಟ್ಟಿಗೆಯ ಬೆನ್ನು ತಿರುಗಿಸಿ ಅಲ್ಲಿನ ಪಟ್ಟಿಯಲ್ಲಿ ಹವಾಮಾನದ ವರ್ಗ ಯಾವುದೆಂದು ಓದಿ. ಎನ್ ಎಂದಷ್ಟೇ ಇದ್ದರೆ ಅದು 32 ಡಿಗ್ರಿಯವರೆಗಿನ ಕೋಣೆಗೆ ಮಾಡಿದ್ದು, ಎಸ್‌ಟಿ ಎಂದಿದ್ದರೆ 38ರವರೆಗೆ, ಟಿ ಎಂದಿದ್ದರೆ 43ರವರೆಗೆ. ಬೆಂಗಳೂರಿಗೆ ಎಸ್‌ಟಿ ಸಾಕು. ಬಳ್ಳಾರಿ, ರಾಯಚೂರು, ಕಲಬುರಗಿಯವರು ಟಿ ಇಲ್ಲದ್ದನ್ನು ಮನೆಗೆ ತರಬೇಡಿ.