ಹಾಡಿನ ಚೀಟಿಯಲ್ಲಿ ಬರದ ಸಂಗೀತ

ಗಣೇಶನ ಪೆಂಡಾಲಿನ ಮುಂದೆ ಆರ್ಕೆಸ್ಟ್ರಾ ನಡೆಯುವ ರಾತ್ರಿ ಜನರ ಕೈಯಿಂದ ವೇದಿಕೆಗೆ ಚೀಟಿಗಳು ಹೋಗುತ್ತಲೇ ಇರುತ್ತವೆ. ಒಂದರಲ್ಲಿ ‘ಎರಡು ಕನಸು’, ಇನ್ನೊಂದರಲ್ಲಿ ‘ಗೀತಾ’, ಮತ್ತೊಂದರಲ್ಲಿ ‘ಪ್ರೇಮಲೋಕ’, ಹುಡುಗರ ಗುಂಪಿನಿಂದ ‘ಮುಂಗಾರು ಮಳೆ’. ಕನ್ನಡದ ಅತ್ಯುತ್ತಮ ಚಿತ್ರಸಂಗೀತ ಯಾವುದು ಎಂಬ ವಾದ ವರ್ಷವರ್ಷವೂ ನಡೆಯುವುದು ಇಲ್ಲಿ. ರಾಜನ್‌-ನಾಗೇಂದ್ರರ ಕಾಲವೇ ಕಾಲ ಎನ್ನುವವರು ಒಂದು ಕಡೆ, ಹಂಸಲೇಖ ಬಂದ ಮೇಲೆಯೇ ಕನ್ನಡದ ಹಾಡು ಕನ್ನಡದ ಹಾಗೆ ಮಾತಾಡಿತು ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರಿಗೆ ಪ್ರೀತಿ ಇದೆ, ನೆನಪಿದೆ, ಬಾಯಿಪಾಠವಿದೆ. ಆದರೆ ಆ ಚೀಟಿಗಳಲ್ಲಿ ‘ಚೋಮನ ದುಡಿ’ ಎಂಬ ಹೆಸರು ಬರುವುದಿಲ್ಲ. ಬರಲು ದಾರಿಯೂ ಇಲ್ಲ. ಆ ಚಿತ್ರದ ಸಂಗೀತದ ಜೀವ ಇರುವುದು ಪಲ್ಲವಿ-ಚರಣಗಳಲ್ಲಿ ಅಲ್ಲ, ಒಂದು ಚರ್ಮವಾದ್ಯದಲ್ಲಿ.

ಶಿವರಾಮ ಕಾರಂತರ 1933ರ ಕಾದಂಬರಿಯನ್ನು 1975ರಲ್ಲಿ ತೆರೆಗೆ ತಂದವರು ಬಿ.ವಿ. ಕಾರಂತರು. ನಿರ್ದೇಶನವೂ ಅವರದೇ, ಸಂಗೀತವೂ ಅವರದೇ. ತನ್ನದೆನ್ನುವ ತುಂಡು ಭೂಮಿಯಲ್ಲಿ ಬೇಸಾಯ ಮಾಡಬೇಕೆಂಬ ಚೋಮನ ಆಸೆಯನ್ನು ಊರು ಒಪ್ಪುವುದಿಲ್ಲ. ಸಾಲ, ಸಾವು, ಮಕ್ಕಳ ಅಗಲಿಕೆ ಒಂದರ ಹಿಂದೊಂದು ಬರುತ್ತವೆ. ಅವನು ಅಳುವುದಿಲ್ಲ, ದುಡಿ ತೆಗೆದುಕೊಳ್ಳುತ್ತಾನೆ. ಎಂ.ವಿ. ವಾಸುದೇವರಾಯರ ಕೈ ಆ ಚರ್ಮದ ಮೇಲೆ ಬೀಳುವಾಗ ಮೊದಲು ಸಿಟ್ಟು ಕೇಳಿಸುತ್ತದೆ, ಲಯ ಆಮೇಲೆ ಬರುತ್ತದೆ. ಲಯ ಕೂಡಿಕೊಂಡ ಮೇಲೆ ಸಿಟ್ಟು ಎಲ್ಲಿ ಮುಗಿಯಿತು, ಸಂಕಟ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಕೊನೆಯಲ್ಲಿ ಬಾಗಿಲು ಹಾಕಿಕೊಂಡು ಅವನು ಬಾರಿಸುವ ದುಡಿಯನ್ನು ಹಿನ್ನೆಲೆ ಸಂಗೀತ ಎನ್ನಲು ಬಾಯಿ ಬರುವುದಿಲ್ಲ. ಅದರ ಮುಂದೆ ನಿಲ್ಲುವಂಥದ್ದು ತೆರೆಯ ಮೇಲೆ ಬೇರೇನೂ ಇಲ್ಲ. ಕನ್ನಡ ಚಿತ್ರಸಂಗೀತದ ಯಾವ ಪಟ್ಟಿಯನ್ನಾದರೂ ಈ ದುಡಿಯ ಎದುರಿಗಿಟ್ಟು ನೋಡಬೇಕು. ಆಗ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಇಷ್ಟು ದಿನ ಶ್ರೇಷ್ಠವೆಂದು ಕೂಗುತ್ತಾ ಬಂದದ್ದು ಚಿತ್ರದ ಸಂಗೀತವನ್ನೋ, ಚಿತ್ರದಿಂದ ಬಿಡಿಸಿಕೊಂಡ ಹಾಡನ್ನೋ?

ಹೀಗಾದದ್ದಕ್ಕೆ ಕೇಳುಗರ ತಪ್ಪೇನೂ ಇಲ್ಲ. ಸಿನಿಮಾ ಊರಿಗೆ ಬಂದು ಹೋಗುತ್ತಿತ್ತು, ಹಾಡು ಉಳಿಯುತ್ತಿತ್ತು. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಆಮೇಲೆ ಬಂದ ಚಿಕ್ಕ ಇ.ಪಿ. ರೆಕಾರ್ಡುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಹಾಡು. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮದಲ್ಲಿ ಊರು, ಹೆಸರುಗಳ ಉದ್ದ ಪಟ್ಟಿ ಓದಿದ ಮೇಲೆ ಒಂದು ಹಾಡು. ಎರಡು ಹಾಡಿನ ನಡುವೆ ಚಿತ್ರದಲ್ಲಿ ನುಡಿದ ಪಿಟೀಲನ್ನು, ಮೌನವನ್ನು, ಬಾಗಿಲ ಸದ್ದನ್ನು ಮನೆಗೆ ತಲುಪಿಸುವ ಸಾಧನ ಯಾವುದೂ ಇರಲಿಲ್ಲ. ಮೂರೂವರೆ ನಿಮಿಷದ ಅಳತೆಗೆ ಒಗ್ಗಿದ್ದು ಪಟ್ಟಿಯಲ್ಲಿ ಸೇರಿತು, ಒಗ್ಗದ್ದು ಚಿತ್ರಮಂದಿರದ ಕತ್ತಲಲ್ಲೇ ಉಳಿಯಿತು.

ಆ ಅಳತೆಯ ಒಳಗೇ ದೊಡ್ಡ ಕೆಲಸ ಮಾಡಿದವರು ಜಿ.ಕೆ. ವೆಂಕಟೇಶ್. ಅ.ನ. ಕೃಷ್ಣರಾಯರ ಕಾದಂಬರಿಯಿಂದ ಬಂದ ‘ಸಂಧ್ಯಾರಾಗ’ಕ್ಕೆ (1966) ಅವರೂ ಬಾಲಮುರಳಿಕೃಷ್ಣರೂ ಸೇರಿ ಸಂಗೀತ ಕೊಟ್ಟರು. ನಾದದೇವತೆಯನ್ನು ನೆನೆಯುವ, ಜಿ.ವಿ. ಅಯ್ಯರ್ ಬರೆದ ಒಂದೇ ಸಾಹಿತ್ಯ ಆ ಚಿತ್ರದಲ್ಲಿ ಬಾಲಮುರಳಿಯವರ ಕಂಠದಲ್ಲೂ ಬರುತ್ತದೆ, ಭೀಮಸೇನ ಜೋಶಿಯವರ ಕಂಠದಲ್ಲೂ ಬರುತ್ತದೆ. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಎರಡೂ ಮನೆಮಾತಾಗಿರುವ ನಾಡು ಇದು. ಮೈಸೂರಿನ ಕಿವಿ ಬೇರೆ, ಧಾರವಾಡದ ಕಿವಿ ಬೇರೆ. ಒಂದೇ ಮಾತನ್ನು ಎರಡು ಪದ್ಧತಿಗಳ ಬಾಯಲ್ಲಿ ಹೇಳಿಸಿ, ಸಂಗೀತಗಾರನೊಬ್ಬನ ಕತೆಯೊಳಗೆ ಈ ನಾಡಿನ ಎರಡೂ ಕಿವಿಗಳನ್ನು ತಂದು ಕೂರಿಸಿದ್ದು ಸಣ್ಣ ಯೋಚನೆಯಲ್ಲ.

ಹನ್ನೊಂದು ವರ್ಷದ ನಂತರ ಅವರೇ ಮಾಡಿದ ‘ಸನಾದಿ ಅಪ್ಪಣ್ಣ’ (1977) ಅದಕ್ಕಿಂತ ಮೇಲಿನದು. ಮದುವೆ, ಮೆರವಣಿಗೆಗಳಲ್ಲಿ ಸನಾದಿ ನುಡಿಸುವವನ ಪಾತ್ರ ರಾಜಕುಮಾರ್ ಅವರದು. ಆ ಸನಾದಿಯ ಹಿಂದೆ ಇದ್ದ ಉಸಿರು ಉಸ್ತಾದ್ ಬಿಸ್ಮಿಲ್ಲಾ ಖಾನರದು. ದೊಡ್ಡ ಹೆಸರೊಂದನ್ನು ಕರೆತಂದರು ಎಂಬ ಕಾರಣಕ್ಕೆ ಚಿತ್ರಸಂಗೀತ ದೊಡ್ಡದಾಗುವುದಿಲ್ಲ. ಕರೆತಂದವರಿಂದ ಏನು ಮಾಡಿಸಿದರು ಎಂಬುದು ಮುಖ್ಯ. ಜಯಪ್ರದಾ ನರ್ತಿಸುವ ಆ ದೀರ್ಘ ಗೀತೆಯನ್ನು ಮತ್ತೊಮ್ಮೆ ಗಮನವಿಟ್ಟು ಕೇಳಬೇಕು. ಎಸ್. ಜಾನಕಿಯವರ ದನಿ ಕರೆಯುತ್ತದೆ, ಸನಾದಿ ಓಗೊಡುತ್ತದೆ. ಮೊದಮೊದಲು ಮಾತಿಗೆ ಉತ್ತರ, ಆಮೇಲೆ ಸ್ವರಕ್ಕೆ ಸ್ವರ. ಮುಗಿಯುವ ಹೊತ್ತಿಗೆ ಕರೆದವರು ಯಾರು, ಓಗೊಟ್ಟವರು ಯಾರು ಎಂಬ ಭೇದ ಅಳಿಸಿಹೋಗಿರುತ್ತದೆ. ಜಾನಕಿಯವರು ಶಹನಾಯಿಯ ಜಾರುಗಳನ್ನು ಕಂಠದಲ್ಲಿ ಹಿಡಿಯುವ ರೀತಿ, ಖಾನ್ ಸಾಹೇಬರು ಒಂದು ಹೆಣ್ಣುದನಿಗೆ ಜಾಗ ಬಿಟ್ಟು ತಗ್ಗುವ ರೀತಿ, ಎರಡೂ ಅಪರೂಪ. ಕಲಾವಿದನಿಗೆ ಕಲೆಯೇ ಬದುಕು ಎಂದು ಸಂಭಾಷಣೆಯಲ್ಲಿ ಹೇಳಿಸಬಹುದಿತ್ತು. ಹೇಳಿಸುವ ಅಗತ್ಯವೇ ಬೀಳದಂತೆ ಮಾಡಿದ್ದು ಈ ಹಾಡು. ರೇಡಿಯೋದಲ್ಲಿ ಕೇಳಿದರೂ ಚೆಂದ, ಚಿತ್ರದಲ್ಲಿ ಕೇಳಿದರೆ ಕತೆಯೇ ಅದು.

ಈ ಎರಡನೆಯ ಗುಣವನ್ನು ವರ್ಷಗಟ್ಟಲೆ ಬಿಡದೆ ಸಾಧಿಸಿದವರು ವಿಜಯಭಾಸ್ಕರ್. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967), ‘ಗೆಜ್ಜೆಪೂಜೆ’, ‘ಶರಪಂಜರ’, ‘ನಾಗರಹಾವು’ (1972) ಎಲ್ಲಕ್ಕೂ ಅವರದೇ ಸಂಗೀತ. ಜನಪ್ರಿಯತೆಯ ಲೆಕ್ಕದಲ್ಲಿ ಅವರ ಹೆಸರು ಎರಡನೆಯ ಸಾಲಿನಲ್ಲಿ ಬರುತ್ತದೆ. ಅದು ಅನ್ಯಾಯ. ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಬೆಳಗು’ ಕವಿತೆ ಬರುವಾಗ ಅವರು ಕವಿತೆಯನ್ನು ಅಲಂಕರಿಸಲು ಹೋಗಲಿಲ್ಲ, ಬೆಳಕು ಹರಡುವ ನಿಧಾನವನ್ನಷ್ಟೇ ಕೊಟ್ಟರು. ‘ನಾಗರಹಾವು’ ಚಿತ್ರದಲ್ಲಿ ಒನಕೆ ಓಬವ್ವನ ಹಾಡಿದೆ. ಪಿ.ಬಿ. ಶ್ರೀನಿವಾಸರ ಮೆದು ಕಂಠಕ್ಕೆ ವೀರಗಾಥೆಯನ್ನು ಒಪ್ಪಿಸುವುದು ಮೇಲ್ನೋಟಕ್ಕೆ ತಪ್ಪು ಆಯ್ಕೆ. ಆದರೆ ಆ ಹಾಡು ಅಬ್ಬರಿಸುವುದಿಲ್ಲ, ಕತೆ ಹೇಳುತ್ತದೆ. ಲಾವಣಿ ಹೇಳುವವನು ಕೇಳುಗರನ್ನು ಹತ್ತಿರ ಕರೆದು ಕೂರಿಸಿಕೊಳ್ಳುವ ಹಾಗೆ ಅದರ ಆರಂಭ. ಕಿಂಡಿಯ ಬಳಿ ಶತ್ರುಗಳು ಒಬ್ಬೊಬ್ಬರಾಗಿ ನುಸುಳುವಾಗ ತಾಳ ಬಿಗಿಯುತ್ತದೆ, ಒನಕೆಯ ಏಟುಗಳು ತಾಳದ ಪೆಟ್ಟುಗಳಾಗುತ್ತವೆ. ದುರ್ಗದ ಬಂಡೆಗಳ ನಡುವೆ ಜಯಂತಿಯವರನ್ನು ಕಂಡವರಿಗೆ ಇವತ್ತಿಗೂ ಓಬವ್ವನೆಂದರೆ ಅದೇ ಮುಖ. ಒಂದು ನಾಡಿನ ಚರಿತ್ರೆಯ ನೆನಪನ್ನು ಕೆಲವೇ ನಿಮಿಷದ ಹಾಡು ರೂಪಿಸಿದ ಇಂಥ ಉದಾಹರಣೆ ಬೇರೆ ಭಾಷೆಗಳಲ್ಲೂ ಹೆಚ್ಚು ಸಿಗುವುದಿಲ್ಲ.

ವಿಜಯಭಾಸ್ಕರ್ ಅವರ ಯೋಗ್ಯತೆಗೆ ಇನ್ನೊಂದು ಸಾಕ್ಷಿ ಕೇರಳದಲ್ಲಿದೆ. ಸದ್ದನ್ನು ಅಳೆದು ತೂಗಿ ಬಳಸುವ ಅಡೂರ್ ಗೋಪಾಲಕೃಷ್ಣನ್ ತಮ್ಮ ‘ಮತಿಲುಕಳ್’ (1990), ‘ವಿಧೇಯನ್’ (1993) ಚಿತ್ರಗಳಿಗೆ ಆರಿಸಿಕೊಂಡದ್ದು ಇವರನ್ನು. ‘ಮತಿಲುಕಳ್’ ಚಿತ್ರದಲ್ಲಿ ಜೈಲಿನ ಗೋಡೆಯ ಆಚೆಯಿಂದ ಬರುವ ಹೆಣ್ಣುದನಿಯೇ ಒಂದು ಪಾತ್ರ, ಅವಳ ಮುಖ ಕಾಣುವುದೇ ಇಲ್ಲ. ಅಂಥ ಚಿತ್ರಕ್ಕೆ ಬೇಕಾದದ್ದು ಎಲ್ಲಿ ನುಡಿಸಬಾರದು ಎಂದು ಬಲ್ಲವರು. ಪುಟ್ಟಣ್ಣನವರ ಉಕ್ಕಿ ಹರಿಯುವ ಭಾವಕ್ಕೂ ಅಡೂರರ ಮೌನಕ್ಕೂ ಒಬ್ಬನೇ ಸಂಗೀತಗಾರ ಸಲ್ಲುತ್ತಾನೆಂದರೆ, ಅವನು ಚಿತ್ರವನ್ನು ನೋಡಿ ಕೆಲಸ ಮಾಡುತ್ತಿದ್ದ ಎಂದೇ ಅರ್ಥ.

ರಾಜನ್‌-ನಾಗೇಂದ್ರರ ವಿಷಯದಲ್ಲಿ ತೀರ್ಪು ಕೊಡುವುದು ಕಷ್ಟ, ಯಾಕೆಂದರೆ ಅಲ್ಲಿ ಪ್ರೀತಿ ಅಡ್ಡ ಬರುತ್ತದೆ. ಮೈಸೂರಿನ ಈ ಸೋದರರು 1950ರ ದಶಕದಲ್ಲಿ ಶುರುಮಾಡಿ ಮೂರು ದಶಕಕ್ಕೂ ಹೆಚ್ಚು ಕಾಲ ಕೊಟ್ಟ ಮಾಧುರ್ಯಕ್ಕೆ ಕನ್ನಡದಲ್ಲಿ ಸಾಟಿಯಿಲ್ಲ. ಒಮ್ಮೆ ಕೇಳಿದರೆ ಗುನುಗಲು ಬರುವ, ನೂರು ಸಲ ಕೇಳಿದರೂ ಹಳಸದ ರಾಗಸಂಯೋಜನೆ ಅವರದು. ಆದರೂ ಒಂದು ಮಾತು ಹೇಳಲೇಬೇಕು. ‘ಬಯಲುದಾರಿ’ಯ ಹಾಡುಗಳನ್ನು ಹಾಡುವವರಲ್ಲಿ ಎಷ್ಟು ಮಂದಿಗೆ ಅವು ಕತೆಯ ಯಾವ ತಿರುವಿನಲ್ಲಿ ಬಂದವು ಎಂಬ ನೆನಪಿದೆ? ಹಾಡು ಚಿತ್ರಕ್ಕಿಂತ ದೊಡ್ಡದಾಗಿ ಬೆಳೆದು ತನ್ನ ಪಾಡಿಗೆ ತಾನು ಬದುಕಿತು. ಹಾಡಾಗಿ ಅದು ಗೆಲುವು, ಚಿತ್ರಸಂಗೀತವಾಗಿ ಅರ್ಧ ಗೆಲುವು.

‘ಎರಡು ಕನಸು’ (1974) ಮಾತ್ರ ಪೂರ್ತಿ ಗೆದ್ದಿತು. ವಾಣಿಯವರ ಕಾದಂಬರಿಯ ಈ ಕತೆಯಲ್ಲಿ ನಾಯಕನ ಮನಸ್ಸು ಒಬ್ಬಳಲ್ಲಿ, ಮದುವೆ ಇನ್ನೊಬ್ಬಳ ಜೊತೆ.  ಹೆಂಡತಿಯ ಪಾಲಿಗೆ ಬರುವುದು ರಾಘವೇಂದ್ರಸ್ವಾಮಿಗಳ ರಚನೆಯೆಂದು ಹೆಸರಾದ ಗೋವಿಂದನ ಕೀರ್ತನೆ. ಜಾನಕಿಯವರು ಅದನ್ನು ಕಛೇರಿಯ ಗಾಯಕಿಯ ಹಾಗೆ ಹಾಡುವುದಿಲ್ಲ, ಮನೆಯ ಹೆಣ್ಣುಮಗಳ ಹಾಗೆ ಹಾಡುತ್ತಾರೆ. ಗಂಡನನ್ನು ಕೇಳಲಾಗದ್ದನ್ನು ದೇವರನ್ನು ಕೇಳುವ ಕಲ್ಪನಾ ಅವರ ಮುಖವೂ ಆ ದನಿಯೂ ಸೇರಿದಾಗ ನೂರಾರು ವರ್ಷದ ಕೀರ್ತನೆ ಒಬ್ಬ ಗೃಹಿಣಿಯ ಸ್ವಂತ ಮಾತಾಗುತ್ತದೆ. ಈ ಒಂದು ಕಾರಣಕ್ಕೆ ಆರ್ಕೆಸ್ಟ್ರಾದ ಚೀಟಿ ಬರೆಯುವವರ ಆಯ್ಕೆ ಸರಿಯಾಗಿಯೇ ಇದೆ.

ಅದೇ 1974ರಲ್ಲಿ ಇನ್ನೊಂದು ತಿರುವು ಬಂತು. ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆಯ ಹಾಡಿನಿಂದ ರಾಜಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. ನಟನ ಉಸಿರೂ ಹಾಡಿನ ಉಸಿರೂ ಒಂದೇ ಆದದ್ದು ಕನ್ನಡಕ್ಕೆ ಸಿಕ್ಕ ಭಾಗ್ಯ. ‘ಬಭ್ರುವಾಹನ’ (1977) ಚಿತ್ರದಲ್ಲಿ ಟಿ.ಜಿ. ಲಿಂಗಪ್ಪನವರು ರಂಗಗೀತೆಯ ಗತ್ತನ್ನು ಆ ಕಂಠದಿಂದ ಹೊರತೆಗೆದರು. ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದ ನಾಲಿಗೆಗೆ ಮಾತಿನಿಂದ ಹಾಡಿಗೆ, ಹಾಡಿನಿಂದ ಮಾತಿಗೆ ಹೊರಳುವುದು ಸಲೀಸಾಗಿತ್ತು. ಉಪೇಂದ್ರಕುಮಾರ್ ಸಂಗೀತದ ‘ಜೀವನ ಚೈತ್ರ’ದ (1992) ‘ನಾದಮಯ’ ರಾಜಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು.

ಹಂಸಲೇಖರ ‘ಪ್ರೇಮಲೋಕ’ (1987) ಬಂದದ್ದು ಕ್ಯಾಸೆಟ್ಟಿನ ಕಾಲದಲ್ಲಿ. ನಾಲ್ಕು ಹಾಡಿನ ತಟ್ಟೆಯ ಕಟ್ಟು ಹರಿದಿತ್ತು, ಹತ್ತಕ್ಕೂ ಹೆಚ್ಚು ಹಾಡು ಒಂದೇ ಡಬ್ಬಿಯಲ್ಲಿ ಹಿಡಿಯುತ್ತಿದ್ದವು. ಆ ಅವಕಾಶವನ್ನು ಅವರು ಹಾಡು ತುಂಬಿಸಲು ಬಳಸಲಿಲ್ಲ, ಕತೆಯನ್ನೇ ಹಾಡಿನಲ್ಲಿ ಸಾಗಿಸಲು ಬಳಸಿದರು. ಕಾಲೇಜು ಹುಡುಗ ಹುಡುಗಿಯರ ಚುಡಾಯಿಸುವಿಕೆ, ಮುನಿಸು, ಸವಾಲು ಎಲ್ಲ ಹಾಡಿನೊಳಗೇ ನಡೆಯುತ್ತದೆ. ಸಾಹಿತ್ಯ, ಸಂಗೀತ ಎರಡೂ ಒಬ್ಬರದೇ ಆದ್ದರಿಂದ ಆಡುಮಾತಿನ ಏರಿಳಿತವೇ ರಾಗದ ಏರಿಳಿತವಾಯಿತು. ಅದುವರೆಗೆ ಹಾಡಿನ ಕನ್ನಡ ಮಡಿ ಉಟ್ಟು ಕೂತಿತ್ತು, ಹಂಸಲೇಖ ಅದನ್ನು ಬಸ್‌ ಸ್ಟ್ಯಾಂಡಿಗೆ ಕರೆತಂದರು. ಇದನ್ನು ಹಾಡುಗಳ ಗೊಂಚಲು ಎಂದು ಹೊಗಳುವವರು ಅದರ ನಿಜವಾದ ಸಾಧನೆಯನ್ನೇ ಬಿಟ್ಟುಬಿಡುತ್ತಾರೆ. ರಾಷ್ಟ್ರಪ್ರಶಸ್ತಿ ಅವರಿಗೆ ಬಂದದ್ದು 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ, ಅದೇ ಚಿತ್ರಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಬಂತು. ಗದುಗಿನ ಗವಾಯಿಗಳ ಬದುಕಿಗೆ ಆ ಗೌರವ ಸಂದದ್ದು ಸರಿಯೇ. ಆದರೆ ಕನ್ನಡ ಚಿತ್ರಸಂಗೀತದ ಚಹರೆ ಬದಲಾದದ್ದು ‘ಪ್ರೇಮಲೋಕ’ದಿಂದ.

ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿದ್ದ ಇಳಯರಾಜ ಕನ್ನಡದಲ್ಲಿ ಹೆಚ್ಚು ಚಿತ್ರ ಮಾಡಲಿಲ್ಲ. ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಒಂದೇ ಸಾಕು. ಅದರ ಯುಗಳಗೀತೆಯ ರಾಗ ಹಾಡು ಮುಗಿದ ಮೇಲೂ ಮುಗಿಯುವುದಿಲ್ಲ, ವಾದ್ಯಗಳಲ್ಲಿ ಮತ್ತೆ ಮತ್ತೆ ಮರಳಿ ಬಂದು ಪಾತ್ರಗಳು ಆಡದ ಮಾತನ್ನು ಆಡುತ್ತದೆ.

ಇದಕ್ಕೂ ಮೊದಲೇ ಹೊಸ ಅಲೆಯ ಚಿತ್ರಗಳು ಹಾಡಿನ ಹಂಗನ್ನೇ ತೊರೆದಿದ್ದವು. 1970ರ ‘ಸಂಸ್ಕಾರ’ಕ್ಕೆ ಸರೋದ್ ವಾದಕ ರಾಜೀವ ತಾರಾನಾಥರ ಸಂಗೀತ. ‘ಋಷ್ಯಶೃಂಗ’, ‘ಘಟಶ್ರಾದ್ಧ’ಗಳಿಗೆ ಬಿ.ವಿ. ಕಾರಂತರಿಗೆ ಸಾಲಾಗಿ ಎರಡು ವರ್ಷ ರಾಷ್ಟ್ರಪ್ರಶಸ್ತಿ ಬಂತು. ರಂಗಭೂಮಿಯಿಂದ ಬಂದ ಕಾರಂತರಿಗೆ ಕೈಗೆ ಸಿಕ್ಕ ವಸ್ತುವೆಲ್ಲ ವಾದ್ಯ. ದೇಶ ಮೆಚ್ಚಿದ ಈ ಕೆಲಸ ಊರಿನ ಮಾತುಕತೆಗೆ ಇಳಿಯಲೇ ಇಲ್ಲ. ಚಿತ್ರಸಂಗೀತವೆಂದರೆ ಹಾಡು ಎಂದು ಕೇಳುಗರು ಅಷ್ಟರಲ್ಲಿ ನಿರ್ಧರಿಸಿಯಾಗಿತ್ತು. ಹೊಸ ಅಲೆಯವರೂ ತಮ್ಮ ಸಂಗೀತವನ್ನು ಚಿತ್ರದ ಹೊರಗೆ ಒಯ್ಯುವ ಯತ್ನ ಮಾಡಲಿಲ್ಲ ಎಂಬುದನ್ನೂ ಒಪ್ಪಬೇಕು.

‘ಮುಂಗಾರು ಮಳೆ’ (2006) ಮತ್ತೆ ಹಾಡಿನ ಯುಗ ತಂದಿತು. ಅಮೆರಿಕದಲ್ಲಿ ನೆಲೆಸಿದ ಮನೋಮೂರ್ತಿಯವರ ರಾಗ, ಜಯಂತ ಕಾಯ್ಕಿಣಿಯವರ ಸಾಹಿತ್ಯ, ಸೋನು ನಿಗಮ್ ದನಿ. ಚೆಲುವಾದ ಹಾಡುಗಳು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಚಿತ್ರದ ನಿಜವಾದ ಸಂಗೀತ ಸಕಲೇಶಪುರ, ಮಡಿಕೇರಿಗಳ ಮಳೆಯ ಸದ್ದು. ಹಾಡುಗಳು ಆ ಮಳೆಯಲ್ಲಿ ನೆನೆದದ್ದರಿಂದಲೇ ಅಷ್ಟು ಹಸಿಯಾಗಿ ಉಳಿದವು. ಅವುಗಳ ಅನುಕರಣೆಯಲ್ಲಿ ಬಂದ ನೂರಾರು ಹಾಡುಗಳಿಗೆ ಆ ಮಳೆ ಸಿಗಲಿಲ್ಲ.

ಈಚೆಗೆ ಕಿವಿಗಳು ಬದಲಾಗುತ್ತಿವೆ. ‘ಕಾಂತಾರ’ದ (2022) ‘ವರಾಹ ರೂಪಂ’ ಗೀತೆ ಕೇರಳದ ಒಂದು ತಂಡದ ಹಾಡನ್ನು ಹೋಲುತ್ತದೆಂಬ ತಕರಾರು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಆದರೆ ಜನ ಚಿತ್ರಮಂದಿರದಿಂದ ಹೊತ್ತುಕೊಂಡು ಬಂದದ್ದು ಆ ಗೀತೆಗಿಂತ ಹೆಚ್ಚಾಗಿ ದೈವದ ಕೂಗನ್ನು. ಅಜನೀಶ್ ಲೋಕನಾಥ್ ಆ ಕೂಗಿನ ಸುತ್ತ ವಾದ್ಯಗಳನ್ನು ಕಟ್ಟಿದರೇ ಹೊರತು ಅದನ್ನು ಮುಚ್ಚಲಿಲ್ಲ. ಹಾಡಲ್ಲದ ಒಂದು ಸದ್ದು ಊರೂರಿನ ಬಾಯಿಗೆ ಬಂತು.

ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ (2023) ಎರಡು ಭಾಗದಲ್ಲಿ ಬಂತು. ಸೈಡ್ ಎ, ಸೈಡ್ ಬಿ ಎಂದು ಕ್ಯಾಸೆಟ್ಟಿನ ಮಗ್ಗುಲುಗಳ ಹೆಸರನ್ನೇ ಅವಕ್ಕೆ ಇಟ್ಟರು. ಶೀರ್ಷಿಕೆ ಗೋಪಾಲಕೃಷ್ಣ ಅಡಿಗರ ಕವಿತೆಯಿಂದ ಬಂದದ್ದು. ಅದೇ ಕವಿತೆ 1997ರ ‘ಅಮೆರಿಕಾ ಅಮೆರಿಕಾ’ ಚಿತ್ರದಲ್ಲಿ ಹಾಡಾಗಿ ಮನೆಮನೆಗೆ ಹೋಗಿತ್ತು. ಇಲ್ಲಿ ಅಡಿಗರ ಮಾತು ಹಾಡಾಗದೆ ಕತೆಯ ದಿಕ್ಕಾಯಿತು. ಸೆರೆಯಲ್ಲಿರುವ ಮನುವಿಗೆ ಪ್ರಿಯಾಳ ಸಂಗ ಸಿಗುವುದು ಟೇಪಿನಲ್ಲಿ ತುಂಬಿಟ್ಟ ಅವಳ ದನಿಯಲ್ಲಿ. ಅವನು ಗುಂಡಿ ಒತ್ತಿ ಕಿವಿಗೊಟ್ಟು ಕೂರುತ್ತಾನೆ. ಚರಣ್ ರಾಜ್ ಸಂಗೀತ ಅವಳ ಮಾತಿಗೆ ದಾರಿ ಬಿಟ್ಟು ಹಿಂದೆ ಸರಿಯುತ್ತದೆ, ಅವಳು ಮಾತು ನಿಲ್ಲಿಸಿದಾಗ ಮೆಲ್ಲಗೆ ಮುಂದೆ ಬರುತ್ತದೆ.