‘ಅಪೋಸ್’ ಎಂಬ ಕ್ರಿಯಾಪದ ಮತ್ತು ವಚನಗಳ ಓದು

ಇಂಗ್ಲಿಷಿನ ‘ಅಪೋಸ್’ ಎಂಬ ಕ್ರಿಯಾಪದವನ್ನು ಕನ್ನಡ ವಿಮರ್ಶೆಯು ಬಹುಮಟ್ಟಿಗೆ ‘ವಿರೋಧಿಸು’ ಎಂಬ ಒಂದೇ ಮಾತಿನಿಂದ ನಿರ್ವಹಿಸುತ್ತ ಬಂದಿದೆ. ವಚನಗಳನ್ನು ಮೊದಲು ಇಂಗ್ಲಿಷಿನಲ್ಲಿ ಓದಿ ಅನಂತರ ಮೂಲಕ್ಕೆ ಬರುವ ಹೊರನಾಡಿನ ಸಂಶೋಧಕರಿಗೆ ಇದರಿಂದ ಉಂಟಾಗುವ ತೊಡಕು ಸಣ್ಣದಲ್ಲ.

ಲ್ಯಾಟಿನ್ ಮೂಲದಲ್ಲಿ ಈ ಪದದ ಅವಯವಾರ್ಥ ‘ಎದುರಿಗೆ ಇಡು’ ಎಂದು. ಹೆಬ್ಬೆರಳು ಉಳಿದ ಬೆರಳುಗಳಿಗೆ ‘ಅಪೋಸ್’ ಆಗುತ್ತದೆ ಎಂದು ಅಂಗರಚನಾಶಾಸ್ತ್ರ ಹೇಳುವಾಗ ಅಲ್ಲಿ ಜಗಳವಿಲ್ಲ. ಪಕಾರ ಬಕಾರಗಳ ಸಂಬಂಧವನ್ನು ಧ್ವನಿಮಾಶಾಸ್ತ್ರವು ಇದೇ ಕ್ರಿಯಾಪದದ ನಾಮರೂಪದಿಂದ ಕರೆಯುವಾಗಲೂ ಇಲ್ಲ. ಒಂದರ ಗುರುತು ಇನ್ನೊಂದರಿಂದ ಎಂಬುದಷ್ಟೇ ತಾತ್ಪರ್ಯ. ಸಂಸ್ಕೃತದ ‘ವಿರೋಧ’ದ ಹಿಂದೆ ಇರುವುದಾದರೋ ತಡೆಯುವ ಅರ್ಥದ ‘ರುಧ್’ ಧಾತು. ಎದುರಿಗೆ ಇಡುವುದು ಬೇರೆ, ತಡೆಯುವುದು ಬೇರೆ.

‘ಅಪೋಸ್’ಗೆ ಹತ್ತಿರವಾದ ಪದ ಹಳಗನ್ನಡದಲ್ಲೇ ಇದೆ. ‘ಇದಿರ್’ ಎಂದರೆ ಮುಂದಿನ ಎಡೆ. ‘ಇದಿರ್ಚು’ ಎಂದರೆ ಮೇಲೆ ಬಂದವನಿಗೆ ಎದುರಾಗಿ ನಿಲ್ಲು. ‘ಇದಿರ್ಗೊಳ್’ ಎಂದರೆ ಬಂದವನನ್ನು ಮುಂದೆ ಹೋಗಿ ಬರಮಾಡಿಕೊ. ಕಾದುವುದಕ್ಕೂ ಸ್ವಾಗತಿಸುವುದಕ್ಕೂ ಬೇರು ಒಂದೇ! ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿಕೋಶ (1961) ಇದನ್ನು ತಮಿಳಿನ ‘ಎದಿರ್’, ತೆಲುಗಿನ ‘ಎದುರು’ಗಳೊಡನೆ ಇರಿಸುತ್ತದೆ. ತೆಲುಗು ಮದುವೆಗಳಲ್ಲಿ ಬೀಗರನ್ನು ಬರಮಾಡಿಕೊಳ್ಳುವ ‘ಎದುರುಕೋಲು’ ಹೈದರಾಬಾದಿನ ನಮ್ಮ ವಿದ್ಯಾರ್ಥಿಗಳಿಗೆ ಮನೆಮಾತು. (ಇಲ್ಲಿನ ಉರ್ದುವಿನ ‘ಮುಕಾಬಲಾ’ ಕೂಡ ಸ್ಪರ್ಧೆ, ಹೋಲಿಕೆ ಎರಡನ್ನೂ ಹೇಳುತ್ತದೆ.)

ಈ ವ್ಯತ್ಯಾಸ ಮುಖ್ಯವಾಗುವುದು ಸ್ಥಾವರ-ಜಂಗಮಗಳ ಚರ್ಚೆಯಲ್ಲಿ. ಎ. ಕೆ. ರಾಮಾನುಜನ್ ಅವರು ‘ಸ್ಪೀಕಿಂಗ್ ಆಫ್ ಶಿವ’ (1973) ಗ್ರಂಥದ ಪ್ರಸ್ತಾವನೆಯಲ್ಲಿ ಈ ಜೋಡಿಯನ್ನು ರಚನೆಯ ನೆಲೆಯಿಂದ, ಒಂದು ಇನ್ನೊಂದನ್ನು ಬೆಳಗುವ ವೈದೃಶ್ಯವಾಗಿ ವಿವೇಚಿಸಿದರು. ಅದೇ ವಿವೇಚನೆ ಕನ್ನಡದ ಪ್ರಬಂಧಗಳಿಗೆ ಇಳಿದಾಗ ‘ವಚನಕಾರರು ಸ್ಥಾವರವನ್ನು ವಿರೋಧಿಸಿದರು’ ಎಂದಾಗುತ್ತದೆ. ವಚನಕಾರರು ಜಾತಿಭೇದವನ್ನು ವಿರೋಧಿಸಿದರು ಎನ್ನುವಲ್ಲಿ ಆ ಕ್ರಿಯಾಪದ ತಕ್ಕುದೇ. ಅಲ್ಲಿ ತಡೆಯುವ ಸಂಕಲ್ಪವಿದೆ, ತೆತ್ತ ಬೆಲೆಯೂ ಇದೆ. ಆದರೆ ಸ್ಥಾವರದ ಅಳಿವನ್ನು ಹೇಳುವ ಬಸವಣ್ಣನವರ ವಚನ ಯಾರನ್ನು ಸಂಬೋಧಿಸುತ್ತದೆ? ಕೂಡಲಸಂಗಮದೇವನನ್ನು. ಅದು ಕೃಷ್ಣಾ ಮಲಪ್ರಭೆಗಳ ಸಂಗಮದಲ್ಲಿ ಗುಡಿಯುಳ್ಳ ದೇವರ ಹೆಸರು. ಸ್ಥಾವರವು ಇಲ್ಲಿ ಹೊರದೂಡಲ್ಪಟ್ಟ ಹಗೆಯಲ್ಲ. ಜಂಗಮದ ಎದುರಿಗೆ ಇಡಲ್ಪಟ್ಟದ್ದು, ಅಂಕಿತದಲ್ಲಿ ಮರಳಿ ಇದಿರ್ಗೊಳ್ಳಲ್ಪಟ್ಟದ್ದು. ರಾಮಾನುಜನ್ ಅಂಕಿತವನ್ನೂ ಬಿಡಿಸಿ, ನದಿಗಳು ಕೂಡುವೆಡೆಯ ಒಡೆಯನೆಂಬ ಅರ್ಥದಲ್ಲಿ ಅನುವಾದಿಸಿರುವುದರಿಂದ ಇಂಗ್ಲಿಷ್ ಓದುಗನಿಗೆ ಊರೂ ಗುಡಿಯೂ ಕಾಣಿಸವು. ಮೂಲವನ್ನು ನೋಡದೆ ‘ವಿರೋಧ’ವನ್ನಷ್ಟೇ ಹಿಡಿದವನಿಗೆ ವಚನದ ಅರ್ಧ ತಪ್ಪಿಹೋಗುತ್ತದೆ.

‘ಪ್ರತಿಭಟಿಸು’ ಎಂಬುದರ ಬಗೆಗೂ ಒಂದು ಮಾತು. ಹಳೆಯ ಕಾವ್ಯಗಳ ‘ಪ್ರತಿಭಟ’ ಭಟನಿಗೆ ಸರಿಜೋಡಿಯಾದ ಎದುರಾಳಿ. ಇಂದಿನ ಕ್ರಿಯಾಪದದಲ್ಲಿ ಆ ಸರಿಸಮತೆ ಮಾಸಿದೆ, ಬಲವಿಲ್ಲದವನೂ ಪ್ರತಿಭಟಿಸಬಲ್ಲ. ಇದು ನಷ್ಟವೆಂದು ನಮಗೆ ತೋರುವುದಿಲ್ಲ.

ನಮ್ಮಲ್ಲಿಗೆ ಬರುವ ಪ್ರಬಂಧಗಳಲ್ಲಿ ರಾಚನಿಕ ಸಂಬಂಧಕ್ಕೆ ‘ವೈದೃಶ್ಯ’ವನ್ನೂ, ತಡೆಯುವ ಸಂಕಲ್ಪಕ್ಕೆ ಮಾತ್ರ ‘ವಿರೋಧ’ವನ್ನೂ ಬಳಸುವಂತೆ ಸೂಚಿಸುತ್ತಿದ್ದೇವೆ. ‘ಇದಿರ್ಚು’ವನ್ನು ಮರಳಿ ತರಬೇಕೆಂಬ ಆಸೆ ನಮಗಿದ್ದರೂ ಅಚ್ಚಿನ ಕರಡು ತಿದ್ದುವವರು ಅದನ್ನು ‘ಎದುರಿಸು’ ಎಂದೇ ತಿದ್ದುತ್ತಾರೆ.