ಎಲೆಗೆಂದೇ ಬೆಳೆಯುವ ಈರುಳ್ಳಿ

ಕೈತೋಟದಲ್ಲಿ ಈರುಳ್ಳಿ ಸೊಪ್ಪು ಬೆಳೆಯಬೇಕು ಎನ್ನುವವರನ್ನು ನಾನು ಮೊದಲು ಕೇಳುವುದು, ಅದನ್ನು ಯಾವುದರ ಜೊತೆ ತಿನ್ನುತ್ತೀರಿ ಎಂದು. ಜೋಳದ ರೊಟ್ಟಿಯ ಜೊತೆ ಹಸಿಯಾಗಿ ಕಚ್ಚುವ ಎಳೆ ಉಳ್ಳಾಗಡ್ಡಿಯೇ ಬೇರೆ. ಅಕ್ಕಿ ರೊಟ್ಟಿಯ ಹಿಟ್ಟಿಗೆ ಹೆಚ್ಚಿ ಕಲಸುವ ಸೊಪ್ಪೇ ಬೇರೆ. ಎರಡಕ್ಕೂ ಬೇಕಾದ ಗಿಡ ಒಂದೇ ಅಲ್ಲ. ಬೀಜದ ಅಂಗಡಿಯಲ್ಲಿ ಮಾತ್ರ ಎಲ್ಲವೂ ‘ಸ್ಪ್ರಿಂಗ್ ಆನಿಯನ್’ ಎಂಬ ಒಂದೇ ಪೊಟ್ಟಣದೊಳಗೆ ಬಂದು ಕೂತಿರುತ್ತವೆ.

ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಿ ಮಾರುವುದು ಬಹುಮಟ್ಟಿಗೆ ನಮ್ಮ ದಿನಬಳಕೆಯ ಗಡ್ಡೆ ಈರುಳ್ಳಿಯೇ, ಅಂದರೆ ಅಲಿಯಂ ಸೆಪ. ಗಡ್ಡೆ ಬಲಿಯುವ ಮೊದಲೇ ಕಿತ್ತದ್ದು, ಅಷ್ಟೆ. ಎಲೆಗೆಂದೇ ಬೆಳೆಯುವ ಜಾತಿ ಇನ್ನೊಂದಿದೆ: ಅಲಿಯಂ ಫಿಸ್ಟುಲೋಸಂ. ಚೀನಾ ಮೂಲದ್ದು, ಜಪಾನಿನವರ ನೆಗಿ ಇದೇ. ಎಷ್ಟು ಕಾಲ ಬಿಟ್ಟರೂ ಇದು ಗಡ್ಡೆ ಕಟ್ಟುವುದಿಲ್ಲ. ಬುಡದಲ್ಲಿ ತೆಂಡೆ ಒಡೆಯುತ್ತಾ ಹಿಂಡಾಗಿ ಹಬ್ಬುತ್ತದೆ. ಗುರುತಿಸಬೇಕೆಂದರೆ ಒಂದು ಎಲೆಯನ್ನು ಅಡ್ಡ ಕೊಯ್ದು ನೋಡಿ. ಫಿಸ್ಟುಲೋಸಂ ಎಲೆ ಪೂರ್ತಿ ದುಂಡನೆಯ ಕೊಳವೆ. ಗಡ್ಡೆ ಈರುಳ್ಳಿಯ ಎಲೆ ಒಂದು ಬದಿಯಲ್ಲಿ ಚಪ್ಪಟೆಯಾಗಿರುತ್ತದೆ. ಹೂ ಬಿಟ್ಟಾಗಲೂ ಗೊತ್ತಾಗುತ್ತದೆ: ಫಿಸ್ಟುಲೋಸಂ ಹೂಗೊಂಚಲು ನೆತ್ತಿಯಿಂದ ಕೆಳಗೆ ಕ್ರಮವಾಗಿ ಅರಳುತ್ತಾ ಬರುತ್ತದೆ, ಗಡ್ಡೆ ಈರುಳ್ಳಿಯದ್ದು ಅಲ್ಲೊಂದು ಇಲ್ಲೊಂದು.

ಈ ವ್ಯತ್ಯಾಸ ನಮಗೆ ಮುಖ್ಯವಾಗುವುದು ಹಗಲಿನ ಉದ್ದದಿಂದ. ಗಡ್ಡೆ ಈರುಳ್ಳಿ ಯಾವಾಗ ಗಡ್ಡೆ ಕಟ್ಟಬೇಕೆಂಬುದನ್ನು ಹಗಲು ಎಷ್ಟು ಗಂಟೆಯದು ಎಂಬುದರಿಂದ ತಿಳಿಯುತ್ತದೆ. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲೂ 13 ಗಂಟೆ ಮುಟ್ಟುವುದಿಲ್ಲ. ನಮ್ಮ ನಾಡಿನ ತಳಿಗಳಿಗೆ ಅಷ್ಟು ಬೆಳಕೇ ಸಾಕು, ವಯಸ್ಸಿಗೆ ಬಂದ ಕೂಡಲೇ ಎಲೆಯ ಸಾರವೆಲ್ಲ ಕೆಳಗಿಳಿದು ಬುಡ ಉಬ್ಬುತ್ತದೆ. ಯುರೋಪಿನ ಬಹಳಷ್ಟು ತಳಿಗಳಿಗೆ 14–16 ಗಂಟೆಯ ಹಗಲು ಬೇಕು, ಆದ್ದರಿಂದ ಅವು ಇಲ್ಲಿ ಬರೀ ಎಲೆಯಾಗಿ ಉಳಿಯುತ್ತವೆ. ಗಡ್ಡೆ ಬೇಕಾದ ರೈತನಿಗೆ ಅದು ನಷ್ಟ, ಎಲೆ ಬೇಕಾದ ನಮಗೆ ಲಾಭ.

ಇನ್ನು ಆಯ್ಕೆ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನಲು ಬಳ್ಳಾರಿ ಕೆಂಪನ್ನು ಮೀರಿಸುವ ಗಿಡ ಇಲ್ಲವೆಂದೇ ನಾನು ನಂಬಿದ್ದೇನೆ. ಬುಡ ಗೋಲಿ ಗಾತ್ರಕ್ಕೆ ಬಂದು ತೆಳುಗೆಂಪು ತಿರುಗಿದಾಗ ಕಿತ್ತರೆ ಖಾರವೂ ಸಿಹಿಯೂ ಸಮನಾಗಿರುತ್ತವೆ. ಮಳೆಗಾಲದಲ್ಲಿ ಬಿತ್ತುವವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ಹುಡುಕಲಿ. ಎಲೆಗಳನ್ನು ಸುಟ್ಟಂತೆ ಮಾಡುವ ನೇರಳೆ ಮಚ್ಚೆ ರೋಗವನ್ನು ಅದು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಖಾರ ಹೆಚ್ಚು ಬೇಕೆಂದರೆ ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಗುಲಾಬಿ ಈರುಳ್ಳಿ.

ಬೀಜದ ಗೋಜೇ ಬೇಡವೆನ್ನುವವರಿಗೆ ಸಾಂಬಾರ್ ಈರುಳ್ಳಿ ಇದೆ. ಅಡುಗೆಮನೆಯ ಬುಟ್ಟಿಯಿಂದಲೇ ಗಟ್ಟಿ ಗಡ್ಡೆಗಳನ್ನು ಆರಿಸಿ, ತುದಿ ಮಣ್ಣಿನ ಮಟ್ಟಕ್ಕೆ ಬರುವಂತೆ ಗೇಣಿನರ್ಧ ಅಂತರದಲ್ಲಿ ಊರಿ. ಒಂದೊಂದೂ ಹಲವು ಮೊಳಕೆಯಾಗಿ ಒಡೆದು ತಿಂಗಳೊಪ್ಪತ್ತಿನಲ್ಲಿ ಸೊಪ್ಪು ಕೈಗೆ ಬರುತ್ತದೆ. ಮೊಳಕೆ ಬಂದ ದೊಡ್ಡ ಈರುಳ್ಳಿಯನ್ನು ಲೋಟದ ನೀರಿನಲ್ಲಿ ಇಟ್ಟು ಎಲೆ ಕೊಯ್ಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಗಡ್ಡೆಯಲ್ಲಿ ಕೂಡಿಟ್ಟದ್ದು ಮುಗಿಯುತ್ತಲೇ ಎಲೆ ಬಡಕಲಾಗುತ್ತದೆ, ರುಚಿಯೂ ನೀರು.

ವರ್ಷವಿಡೀ ಹಸಿರು ಬೇಕೆನ್ನುವವರು ಫಿಸ್ಟುಲೋಸಂ ಹಾಕಲೇಬೇಕು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಸೌಮ್ಯ ಈ ಜಾತಿಯದು. ಜಪಾನಿನ ತಳಿ ಸಿಕ್ಕರೆ, ದಪ್ಪ ಬಿಳಿ ದಂಟಿನ ಶಿಮೋನಿತಾಗೆ ಮನಸೋಲಬೇಡಿ. ಅದು ಗುನ್ಮಾ ಪ್ರಾಂತ್ಯದ ಚಳಿಯಲ್ಲಿ ರುಚಿಗೂಡುವ ಗಿಡ. ಕ್ಯೋಟೋದ ಕುಜೋ ನೆಗಿ ಬೆಚ್ಚನೆಯ ಪಶ್ಚಿಮ ಜಪಾನಿಗೆ ಒಗ್ಗಿದ್ದು, ಎಲೆ ಮೃದು, ಬುಡದಿಂದ ತುದಿಯವರೆಗೆ ತಿನ್ನಬಹುದು. ನಮ್ಮ ತಾರಸಿಗೆ ನನ್ನ ಆಯ್ಕೆ ಅದೇ. ಬಿಳಿ ದಂಟು ಉದ್ದ ಬೇಕೆನ್ನುವವರು ಗಿಡ ಬೆಳೆದಂತೆ ಬುಡಕ್ಕೆ ಮಣ್ಣು ಏರಿಸುತ್ತಾ ಹೋಗಬೇಕು. ಬೆಳಕು ಕಾಣದ ಭಾಗವಷ್ಟೇ ಬೆಳ್ಳಗಾಗುವುದು.

ಬೀಜ ಕೊಳ್ಳುವಾಗ ಪೊಟ್ಟಣದ ಮೇಲಿನ ದಿನಾಂಕ ನೋಡಿಯೇ ಕೊಳ್ಳಿ. ಈರುಳ್ಳಿ ಬೀಜದಷ್ಟು ಬೇಗ ಸತ್ವ ಕಳೆದುಕೊಳ್ಳುವ ತರಕಾರಿ ಬೀಜ ಕಡಿಮೆ, ಹೊರಗಿನ ಸೆಕೆಯಲ್ಲಿ ವರ್ಷ ದಾಟಿದ ಬೀಜ ನಂಬುವಂತಿಲ್ಲ. ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಸೊಪ್ಪಿಗಾಗಿ ಬೆಳೆಯುವಾಗ ಸಸಿಗಳನ್ನು ಒಂಟಿಯಾಗಿ ಕೂರಿಸಬೇಕಿಲ್ಲ. ಒಂದೇ ಗುಳಿಗೆ ಆರೆಂಟು ಬೀಜ, ಒಂದು ಸೆಂಟಿಮೀಟರ್ ಆಳ, ಮೇಲೆ ಜರಡಿ ಹಿಡಿದ ಗೊಬ್ಬರ. ಒತ್ತಾಗಿದ್ದಷ್ಟೂ ಬುಡ ದಪ್ಪವಾಗದೆ ಎಲೆ ಎಳೆಯದಾಗಿ ಉಳಿಯುತ್ತದೆ. ಬೇರು ಮೇಲೆಮೇಲೆಯೇ ಇರುವುದರಿಂದ ಗೇಣುದ್ದ ಆಳದ ಕುಂಡ ಸಾಕು. ಆದರೆ ಅದೇ ಕಾರಣಕ್ಕೆ ಮಣ್ಣು ಒಣಗಲು ಬಿಡಬಾರದು, ಬಾಯಾರಿದ ಗಿಡದ ಎಲೆಗೆ ಖಾರ ಹೆಚ್ಚು. ದಿನಕ್ಕೆ ಆರು ಗಂಟೆ ಬಿಸಿಲು ಬೀಳದ ಬಾಲ್ಕನಿಯಲ್ಲಿ ಎಲೆ ಜೋತು ಬೀಳುತ್ತದೆ.

ಬೇಸಿಗೆಯಲ್ಲಿ ಥ್ರಿಪ್ಸ್ ನುಸಿ ಬಂದೇ ಬರುತ್ತದೆ. ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀರು ಕಂಡರೆ ನಡುವಿನ ಎಳೆ ಎಲೆಗಳ ಸಂದು ಬಿಡಿಸಿ ನೋಡಿ, ಅಲ್ಲೇ ಅಡಗಿರುತ್ತದೆ. ಪೈಪಿನ ನೀರನ್ನು ರಭಸವಾಗಿ ಆ ಸಂದಿಗೇ ಹಾಯಿಸಿ, ಸಂಜೆ ಬೇವಿನೆಣ್ಣೆ ಸಿಂಪಡಿಸಿ.

ಫಿಸ್ಟುಲೋಸಂ ಗಿಡವನ್ನು ಕೀಳಬೇಡಿ, ಮಣ್ಣಿನಿಂದ ಮೂರು ಬೆರಳು ಮೇಲೆ ಚೂಪಾದ ಕತ್ತರಿಯಿಂದ ಕೊಯ್ಯಿರಿ. ಹಿಂಡು ಒತ್ತಾದಾಗ ಅಗೆದು ಬಿಡಿಸಿ, ಎರಡು ಮೂರು ತೆಂಡೆಯಂತೆ ಬೇರೆ ಕುಂಡಕ್ಕೆ ನೆಟ್ಟರೆ ಮತ್ತೆ ಬೀಜ ಕೊಳ್ಳುವ ಪ್ರಮೇಯವಿಲ್ಲ. ಪಲ್ಯಕ್ಕಾದರೆ ಬಿಳಿ ಭಾಗ ಒಗ್ಗರಣೆಗೆ ಹೋಗಲಿ, ಹಸಿರು ಭಾಗವನ್ನು ಒಲೆ ಆರಿಸಿದ ಮೇಲೆ ಹಾಕಿ ತಟ್ಟೆ ಮುಚ್ಚಿ.